ತಣ್ಣನೆಯ ಹಣೆ

ಮಾರ್ಚ್ ೧೧, ಮಂಗಳವಾರ
ಇಸ್ತ್ರಿ ಅಂಗಡಿಯಿಂದ

ಪ್ರೀತಿಯ ಅಕ್ಕಾ,

ಮೊದಲು ಬೈಯೋದೆಲ್ಲಾ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಎಷ್ಟು ಸಲ ಫೋನ್ ಮಾಡಿದೆ ನೀನು! ಪ್ರತಿ ಸಲ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಟ್ಟೆ. ಇವಳಿಗೆ ಕೊಬ್ಬು ಬಂದಿದೆ ಅಂದ್ಕೊಂಡಿರ್ತೀಯ. ಕೊಬ್ಬೂ ಇಲ್ಲ, ಮಣ್ಣೂ ಇಲ್ಲ. ಮನೇಲಿ ಬಾಯಿ ಬಿಡೋ ಹಾಗಿಲ್ಲ, ಅಷ್ಟೆ. ಕಾಯಿಲೆಯಲ್ಲಿ ಚೂಟಿಯ ಬಲಗಿವಿ ಹೋದ ಮೇಲೆ ಎಡಗಿವಿ ಎರಡು ಕಿವಿಯ ಕೆಲಸ ಮಾಡ್ತಿದೆ. ನಾನು ಅಡುಗೆಮನೇಲಿ ಪಿಸುಗುಟ್ಟಿದ್ರೆ ಮಗಳು ಬಚ್ಚಲಿಂದ ಉತ್ತರ ಕೊಡ್ತಾಳೆ. ಅಂಗಡೀಲಿ ಗಿರಾಕಿಗಳ ಮುಂದೆ ಆಡೋ ಮಾತೂ ಅಲ್ಲ. ಅದಕ್ಕೇ ಈ ಕಾಗದ. ಒಂದು ಅಂಗಿ ತೀಡಿ ಒಂದು ಸಾಲು ಬರೀತಿದ್ದೀನಿ. ಕಾಗದ ಎಲ್ಲಾದ್ರೂ ಕಮರಿದ್ರೆ ಗಾಬರಿ ಬೀಳ್ಬೇಡ.

ಅವಳಿಗೆ ಎರಡನೇ ಸಲ ಮೆದುಳು ಜ್ವರ ಬಂದು ಆಸ್ಪತ್ರೆ ಸೇರಿಸಿದ್ದು ನಿನಗೆ ಗೊತ್ತು. ಆಮೇಲಿಂದು ಹೇಳಿಲ್ಲ. ಅಲ್ಲಿಗೆ ಹೊಸದಾಗಿ ಬಂದಿರೋ ಡಾಕ್ಟರಮ್ಮ, "ಒಂದು ಸಲ ಬಂದ್ರೆ ಕೆಟ್ಟ ಕಾಲ ಅನ್ನಬಹುದು, ಎರಡು ಸಲ ಬಂದಿದೆ ಅಂದ್ರೆ ಏನೋ ಕಾರಣ ಇರ್ಬೇಕು" ಅಂದು ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದ್ರು. ಉತ್ತರ ಸೊನ್ನೆ ಅಂತ ಬಂತು. "ಇದು ದಾರೀಲಿ ಬಿಸಿಗೆ ಬೇಗ ಕೆಡೋ ಪರೀಕ್ಷೆ. ಸೊನ್ನೆ ಬಂದ್ರೆ ಬಹಳ ಸಲ ಐಸ್ ಸರಿ ಇರಲ್ಲ ಅಂತಲೇ ಅರ್ಥ. ಇನ್ನೊಮ್ಮೆ ಕೊಡಿ" ಅಂದ್ರು. ಕೊಟ್ವಿ. ಮತ್ತೆ ಸೊನ್ನೆ, ಮತ್ತೆ ಅದೇ ರಾಗ. ನನಗೆ ಎಲ್ಲಿತ್ತೋ ಸಿಟ್ಟು. ಮಗುವಿನ ಕೈ ಆಗಲೇ ಚುಚ್ಚಿ ಚುಚ್ಚಿ ನೀಲಿ ಆಗಿತ್ತು. "ಮೀನು ಮಾರೋರು ನಿಮಗಿಂತ ಚೆನ್ನಾಗಿ ಐಸ್ ಹಾಕ್ತಾರೆ" ಅಂದುಬಿಟ್ಟೆ. ಇವರು ಹಿಂದಿನಿಂದ ನನ್ನ ಚಿವುಟಿದ್ರು.

ಡಾಕ್ಟರಮ್ಮ ಕೋಪ ಮಾಡ್ಕೊಳ್ಳಲಿಲ್ಲ. "ಹಾಗಾದ್ರೆ ಈ ಸಲ ನಿಮ್ಮ ರಕ್ತಾನೂ ಅದೇ ಡಬ್ಬೀಲಿ ಇಡೋಣ. ದಾರೀಲಿ ಕೆಟ್ಟರೆ ಇಬ್ಬರದೂ ಕೆಡ್ಬೇಕಲ್ಲ?" ಅಂದ್ರು. ನನ್ನ ಕಣ್ಣೆದುರೇ ಐಸ್ ತುಂಬಿ ಮುಚ್ಚಳ ಹಾಕಿದ್ರು. ಅಕ್ಕಾ, ನಂದೂ ಸೊನ್ನೆ ಬರಲಿ ಅಂತ ಕಂಡಕಂಡ ಗೋಡೆಗೆಲ್ಲಾ ಕೈ ಮುಗಿದೆ. ಆದರೆ ನನ್ನ ರಕ್ತ ನೆಟ್ಟಗೇ ತಲುಪಿತ್ತು. ಸೊನ್ನೆ ಬಂದಿದ್ದು ಅವಳದ್ದು ಮಾತ್ರ.

ಅದು ಏನು ಅಂತ ಡಾಕ್ಟರಮ್ಮ ನಿಧಾನಕ್ಕೆ ಹೇಳಿದ್ರು, ನನಗೆ ತಿಳಿದಷ್ಟು ನಿನಗೆ ಹೇಳ್ತೀನಿ. ನಮ್ಮ ಮೈಯಲ್ಲಿ ಹುಟ್ಟಿದಾಗಿನಿಂದಲೇ ಒಂದು ಕಾವಲು ಇರುತ್ತಂತೆ. ಅದು ಲಸಿಕೆ ಹಾಕಿಸ್ಕೊಂಡು ಕಲಿತದ್ದಲ್ಲ, ಕಾಯಿಲೆ ಬಿದ್ದು ಕಲಿತದ್ದೂ ಅಲ್ಲ. ಅದರಲ್ಲಿ ಕಾಂಪ್ಲಿಮೆಂಟ್ ಅಂತ, ಒಂದು ಎರಡು ಅಂತ ನಂಬರ್ ಹಾಕಿದ ಕೆಲವು ಪ್ರೋಟೀನುಗಳು, ರಕ್ತದಲ್ಲಿ ಸುಮ್ನೆ ಮಲಗಿದ ಹಾಗೆ ತೇಲ್ತಿರ್ತವೆ. ರೋಗಾಣು ಒಳಗೆ ನುಗ್ಗಿದ್ರೆ ಒಂದು ಎದ್ದು ಇನ್ನೊಂದನ್ನ ಎಬ್ಬಿಸುತ್ತೆ, ಅದು ಮತ್ತೊಂದನ್ನ. ಕೆಲವು ಹೋಗಿ "ಇಲ್ಲಿದ್ದಾನೆ ಕಳ್ಳ" ಅನ್ನೋ ಹಾಗೆ ರೋಗಾಣುವಿನ ಮೈಗೆ ಅಂಟ್ಕೊಳ್ತವೆ. ಆ ಗುರುತು ಹಿಡಿದು ಬಿಳಿ ರಕ್ತಕಣಗಳು ಬಂದು ಅದನ್ನ ನುಂಗ್ತವೆ. ಕಡೆಗೆ ಐದನೆಯದರಿಂದ ಒಂಬತ್ತನೆಯದರವರೆಗೆ ಸೇರ್ಕೊಂಡು ರೋಗಾಣುವಿನ ಮೈಗೇ ತೂತು ಕೊರೀತವೆ. ಒಳಗೆ ನೀರು ನುಗ್ಗಿ ಅದು ಒಡೆದು ಸಾಯುತ್ತೆ.

ನಮ್ಮ ಚೂಟಿಗೆ ಆರನೆಯದು ಇಲ್ಲ ಕಣೇ. ಐದನೆಯದು ಬಂದು ಕಾಯ್ತಾ ನಿಲ್ಲುತ್ತೆ, ಆರನೆಯದು ಬರಲ್ಲ, ತೂತು ಆಗಲ್ಲ. ಮಿಕ್ಕ ಕಾಯಿಲೆಗೆಲ್ಲಾ ಉಳಿದ ಕಾವಲೇ ಸಾಕಂತೆ. ನೋಡು, ಅವಳಿಗೆ ನೆಗಡಿ ಎಲ್ಲರ ಹಾಗೇ ಬಂದು ಹೋಗುತ್ತೆ, ಮಂಡಿ ತರಚಿದ್ರೆ ಬೇಗ ಒಣಗುತ್ತೆ. ಈ ಒಂದು ಮೆದುಳು ಜ್ವರದ ರೋಗಾಣು ಸಾಯೋಕೆ ಮಾತ್ರ ಆ ತೂತೇ ಬೇಕು. ಇವರು ಲಿಫ್ಟ್ ಮೆಕ್ಯಾನಿಕ್ ಅಲ್ವಾ, ತಕ್ಷಣ ಕೇಳಿದ್ರು: "ಆರನೆಯದನ್ನ ಎಲ್ಲಿಂದಾದ್ರೂ ತರಿಸಿ ಹಾಕಿ ಮೇಡಂ." ಡಾಕ್ಟರಮ್ಮ, "ಅದು ತಂದು ಕೂರಿಸೋ ಪಾರ್ಟ್ ಅಲ್ಲ ಸರ್" ಅಂದ್ರು. ಎಂಥಾ ಕೆಟ್ಟ ಲಿಫ್ಟಿಗೂ ಬೆದರದ ಮನುಷ್ಯ, ಕೆಳಗೆ ಇಳೀವಾಗ ಆಸ್ಪತ್ರೆ ಲಿಫ್ಟಿನ ಮೂಲೆಗೆ ಮುಖ ಮಾಡಿ ನಿಂತಿದ್ರು. ನಾನು ನೋಡದವಳ ಹಾಗೆ ಬಟನ್ನು ಒತ್ತಿದೆ.

ಲಸಿಕೆ ಹಾಕಿಸಿದ್ದೀವಿ, ದಿನಾ ಒಂದು ಮಾತ್ರೆ ಇದೆ. ಆದ್ರೂ ಪೂರ್ತಿ ನಂಬೋ ಹಾಗಿಲ್ಲ. "ಮೈ ಸ್ವಲ್ಪ ಬಿಸಿ ಆದ್ರೂ ತಕ್ಷಣ ಕರ್ಕೊಂಡು ಬನ್ನಿ. ಬೆಳಗಾಗ್ಲಿ ನೋಡೋಣ ಅನ್ಬೇಡಿ. ತಡ ಆದ್ರೆ ನಮ್ಮ ಕೈಲೂ ಏನೂ ಇರಲ್ಲ" ಅಂದಿದ್ದಾರೆ. ಅಂದ್ರೆ ನಾವು ಮಾಡೋದು ಇಷ್ಟೇ, ಜ್ವರ ಬರುತ್ತಾ ಅಂತ ಕಾಯೋದು.

ಇನ್ನೊಂದು ವಿಷಯ ಇದೆ, ಕೂತ್ಕೊಂಡು ಓದು. ಆ ಆರನೆಯದು ನನ್ನ ರಕ್ತದಲ್ಲಿ ಅರ್ಧ ಇದೆ, ಇವರ ರಕ್ತದಲ್ಲೂ ಅರ್ಧ. ಅರ್ಧ ಇದ್ದೋರಿಗೆ ತೊಂದ್ರೆ ಇಲ್ಲ. ಅಪ್ಪನಿಂದಲೂ ಅಮ್ಮನಿಂದಲೂ ಕೊರತೆಯೇ ಬಂದ ಮಗುವಿಗೆ ಅದು ಒಂದು ಚೂರೂ ಇರಲ್ಲ. ಅಕ್ಕತಂಗಿಯರು ನಾವು ಅಣ್ಣತಮ್ಮಂದಿರನ್ನ ಕಟ್ಕೊಂಡ್ವಲ್ಲ, ಹಾಗಾಗಿ ನಿನಗೂ ಭಾವನಿಗೂ ಹೀಗೇ ಇರಬಹುದಂತೆ. "ಮನೇಲಿ ಬೇರೆ ಮಕ್ಕಳಿಗೆ ಹೀಗಾಗಿತ್ತಾ?" ಅಂತ ಕೇಳಿದ್ರು. ನಿನ್ನ ಗುಂಡನ ವಿಷಯ ಹೇಳಿದೆ. ಶಾಲೆ ಓಟದ ಪಂದ್ಯ ತಪ್ಪಿಹೋಗುತ್ತೆ ಅಂತ ಜ್ವರ ಬಚ್ಚಿಟ್ಕೊಂಡು ಹೋದವನು, ಸಂಜೆ ತಲೆನೋವು ಅಂತ ಬಂದು ಮಲಗಿದವನು ಮತ್ತೆ ಏಳಲಿಲ್ಲ ಅಂತ ಹೇಳಿದೆ. ಅವರು, "ಇದೇ ಇರಬಹುದು. ಈಗ ಖಚಿತವಾಗಿ ಹೇಳೋಕಾಗಲ್ಲ. ಆ ತಾಯಿಗೆ ಇನ್ನೊಂದು ಮಗು ಇದ್ರೆ ಪರೀಕ್ಷೆ ಮಾಡಿಸ್ಲಿ" ಅಂದ್ರು. ನಿನ್ನ ದೊಡ್ಡವಳನ್ನ ಕರ್ಕೊಂಡು ಹೋಗಿ ಮಾಡಿಸು. ನನ್ನಾಣೆ, ಮುಂದೂಡ್ಬೇಡ.

"ಹೆತ್ತವಳಿಗೇ ಗೊತ್ತಾಗ್ಲಿಲ್ವಾ" ಅಂತ ಅತ್ತೆ ನಿನ್ನ ಚುಚ್ಚಿ ಚುಚ್ಚಿ ತಿಂದ್ರು. ನೀನೂ ಇವತ್ತಿಗೂ "ಅವನು ಬೆಳಗ್ಗೆ ಒಂದು ಮಾತು ಹೇಳಿದ್ದಿದ್ರೆ" ಅಂತೀಯ. ಒಳಗೆ ಆರನೆಯದು ಇಲ್ಲ ಅಂತ ಯಾವ ತಾಯಿಗೆ ಗೊತ್ತಾಗುತ್ತೆ ಹೇಳು. ಅತ್ತೆ ಇದ್ದಿದ್ರೆ ಈ ರಿಪೋರ್ಟನ್ನ ಅವರ ಮುಂದೆ ಇಡ್ತಿದ್ದೆ.

ನನ್ನ ಪಾಡು ಕೇಳು. ದಿನವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದು ನನ್ನ ಅಂಗೈ ಕಾದೇ ಇರುತ್ತೆ. ಈ ಕೈಗೆ ಎಂಥಾ ಹಣೆಯೂ ತಣ್ಣಗೇ ಅನ್ಸುತ್ತೆ. ಅದಕ್ಕೇ ಅವಳ ಹಣೆಗೆ ಕೆನ್ನೆ ಇಟ್ಟು ನೋಡ್ತೀನಿ. ಥರ್ಮಾಮೀಟರ್ ಕಂಡ್ರೆ ಮತ್ತೆ ಆಸ್ಪತ್ರೆಗೆ ಅಂತ ಅವಳು ಮಂಚದ ಕೆಳಗೆ ಸೇರ್ತಾಳೆ. ಕೆನ್ನೆಗೆ ಬಿಸಿ ಅನ್ಸಿದ್ರೆ ಮಾತ್ರ ಅದನ್ನ ತೆಗೆಯೋದು. ಹೋದ ತಿಂಗಳು ಬಿಸಿಲಲ್ಲಿ ಆಡಿ ಬಂದವಳ ಮೈ ಸುಡ್ತಿತ್ತು. ಚಪ್ಪಲಿ ಕೂಡ ಹಾಕದೆ ಎತ್ಕೊಂಡು ಓಡಿದೆ. ಡಾಕ್ಟರಮ್ಮನ ಕಾಲು ಹಿಡ್ಕೊಂಡೆ, ಆ ಜನರ ಮಧ್ಯೆ ಹೋ ಅಂತ ಅತ್ತುಬಿಟ್ಟೆ. ಕಡೆಗೆ ಏನೂ ಇಲ್ಲ, ನೀರು ಕುಡಿಸಿ ಕಳಿಸಿದ್ರು. ಚೂಟಿ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡ್ತಿದ್ಲು.

ಒಂದು ಒಳ್ಳೆ ಸುದ್ದಿ ಹೇಳಿ ಮುಗಿಸ್ತೀನಿ. ಅವಳಿಗೆ ಬುದ್ಧಿ ಬಂದಿದೆ ಮಾರಾಯ್ತಿ! ಮುಖ ತೊಳಿ ಅಂದ್ರೆ ಮನೆಯೆಲ್ಲಾ ಓಡಿಸ್ತಿದ್ದವಳು ಈಗ ಬೆಳಗ್ಗೆ ನಾನು ಕರೆಯೋಕೆ ಮುಂಚೆಯೇ ತೊಳ್ಕೊಂಡು, ಮುಂಗುರುಳಿಂದ ನೀರು ತೊಟ್ಟಿಕ್ಕಿಸ್ತಾ ಬಂದು ಹಣೆ ಕೊಡ್ತಾಳೆ. ತಣ್ಣಗಿರುತ್ತೆ ಅಕ್ಕಾ. ಆ ಒಂದು ಕ್ಷಣ ನನಗೆ ಜೀವ ಬಂದ ಹಾಗಾಗುತ್ತೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ದೊಡ್ಡವಳು ನೂರು ಕಾಲ ಚೆನ್ನಾಗಿರ್ಲಿ, ಅವಳ ರಕ್ತದಲ್ಲಿ ಆರನೆಯದೂ ಇರ್ಲಿ, ಏಳನೆಯದೂ ಇರ್ಲಿ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚೋದು ಮರೀಬೇಡ.

ನಿನ್ನ
ತಂಗಿ

ಮರೆತ ಮಾತು ಅಲ್ಲ, ಆಮೇಲೆ ಆದದ್ದು. ಗುರುವಾರ.

ಕಾಗದ ಅಂಚೆಗೆ ಹಾಕಿರಲಿಲ್ಲ. ನಿನ್ನೆ ಬೆಳಗ್ಗೆ ಎಂದಿನ ಹಾಗೆ ಕೆನ್ನೆ ಇಟ್ಟು ನೋಡಿದೆ, ತಣ್ಣಗಿತ್ತು, ಶಾಲೆಗೆ ಕಳಿಸಿದೆ. ಮಧ್ಯಾಹ್ನ ಟೀಚರ್ ಫೋನು: "ಮಗು ಬೆಂಚಿನ ಮೇಲೆ ಒರಗಿದ್ದಾಳೆ, ಮೈ ಕೆಂಡ ಆಗಿದೆ." ಹೇಗೆ ಆಸ್ಪತ್ರೆ ಮುಟ್ಟಿದೆನೋ ಗೊತ್ತಿಲ್ಲ. ಗಾಬರಿ ಬೀಳ್ಬೇಡ, ಈ ಸಲ ಬರೀ ಗಂಟಲಿನ ಜ್ವರ. ಆ ಜ್ವರ ಅಲ್ಲ. ಇವತ್ತು ಮನೆಗೆ ಬಂದ್ವಿ.

ಬಚ್ಚಲಲ್ಲಿ ಬಕೆಟ್ಟಿನ ಹಿಂದೆ ಒಂದು ಒದ್ದೆ ಟವೆಲ್ ಸಿಕ್ತು. ನಾನು ಅಂಗಡೀಲಿ ಮಡಚೋ ಹಾಗೇ ಅಂಚಿಗೆ ಅಂಚು ಸೇರಿಸಿ, ಹಣೆ ಅಗಲಕ್ಕೆ ಮಡಚಿ ಇಟ್ಟಿದ್ಲು. ದಿನಾ ಬೆಳಗ್ಗೆ ಅದನ್ನ ನೀರಲ್ಲಿ ಅದ್ದಿ ಹಣೆಗೆ ಒತ್ಕೊಂಡು, ಆಮೇಲೆ ನನ್ನ ಹತ್ರ ಬರ್ತಿದ್ಲು ಅಕ್ಕಾ. ನನಗೆ ಜೀವ ಬರ್ತಿದ್ದ ತಣ್ಣನೆ ಅದು.

"ಜ್ವರ ಬಂದಿತ್ತಲ್ಲ, ಯಾಕೆ ಹೇಳಲಿಲ್ಲ ಪುಟ್ಟಾ?" ಅಂದೆ.

"ಹೇಳಿದ್ರೆ ನೀನು ಅಳ್ತೀಯ."

"ಇನ್ಮೇಲೆ ಅಳಲ್ಲ. ಹೇಳ್ತೀಯಾ?"

ನನ್ನ ಮುಖ ನೋಡಿದ್ಲು. "ಈಗ್ಲೇ ಅಳ್ತಿದ್ದೀಯಲ್ಲಮ್ಮಾ" ಅಂತ ತನ್ನ ಫ್ರಾಕಿನ ಅಂಚಿಂದ ನನ್ನ ಕಣ್ಣು ಒರೆಸಿದ್ಲು.

ಎಷ್ಟು ಪ್ರಯತ್ನ ಪಟ್ರೂ ನನ್ನ ಕೈಲಿ ನಿಲ್ಸೋಕೆ ಆಗ್ತಿಲ್ಲ ಅಕ್ಕಾ. ಮಕ್ಕಳ ಮುಂದೆ ಅಳದೇ ಇರೋಳು ನಮ್ಮ ಮನೇಲಿ ನೀನೊಬ್ಬಳೇ. ಬಂದು ಸ್ವಲ್ಪ ದಿನ ನಮ್ಮ ಜೊತೆ ಇರು. ಗುಂಡ ನಿನಗೂ ಹೇಳಿರಲಿಲ್ಲ, ನನಗೆ ಗೊತ್ತು. ಗೊತ್ತಿದ್ದೂ ಕೇಳ್ತಿದ್ದೀನಿ. ಚೂಟಿ ನಿನಗಾದ್ರೂ ಹೇಳಬಹುದು.