ಮನೆಗಾಡಿಯ ನಿಂಬೆಹಣ್ಣು

ಬುಧವಾರ, ಇನ್ನೂ ಹಲ್ಲುಜ್ಜಿಲ್ಲ

ಮನೆಗಾಡಿಯ ಯಜಮಾನಿಗೆ,

ನಿನ್ನ ಗಂಡ ಬರೆಯುವುದು. ಆ ಪದವಿ ಇನ್ನೂ ಚಾಲ್ತಿಯಲ್ಲಿದೆ ಎಂದುಕೊಂಡು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಕ್ಕ ಇಲ್ಲದೆ ಭಾವ ಕೊರಗಿ ಕಡ್ಡಿಯಾಗಿದ್ದಾರೆ ಎಂದು ನಿನ್ನ ತಂಗಿ ಕನಸು ಕಾಣುತ್ತಿದ್ದರೆ ಎಬ್ಬಿಸು.

ತಪ್ಪಾಯಿತು ಎನ್ನಲು ಬರೆದ ಪತ್ರ ಇದಲ್ಲ. ಗಾಡಿಯ ಸಲುವಾಗಿ ಬರೆದದ್ದು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಜೀವಮಾನವೆಲ್ಲ ವೆಲ್ಡಿಂಗ್ ಕಿಡಿ ತಿಂದು ದುಡಿದ ದುಡ್ಡಲ್ಲಿ ಕೊಂಡ ಗಾಡಿ. ಹಾಸಿಗೆ, ಒಲೆ, ಪಾಯಿಖಾನೆ ಎಲ್ಲವೂ ಚಕ್ರದ ಮೇಲೆ. ಅದನ್ನು ಅಕ್ಕತಂಗಿ ಸೇರಿ ಮೂರಾಬಟ್ಟೆ ಮಾಡುವುದನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಕಲ್ಲೇ? ನೋಡಿಕೊಂಡು ಎಂದರೆ ಊಹಿಸಿಕೊಂಡು.

ಮೊದಲು ಬ್ಯಾಟರಿ. ಅದರ ತಲೆಗೆ ಬಿಳಿ ಬೂಷ್ಟು ಬಂದಿರುತ್ತದೆ. ವೈರು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೆಯ ಬ್ರಷ್ಷಿನಲ್ಲಿ ಉಜ್ಜು. ನನ್ನ ಹಲ್ಲುಜ್ಜುವ ಬ್ರಷ್ಷು ಅಲ್ಲೇ ಉಳಿದಿದೆ, ಅದರಲ್ಲಿ ಉಜ್ಜಬೇಡ. ಉಜ್ಜಿಯಾಗಿದ್ದರೆ ನನಗೆ ಹೇಳಬೇಡ.

ಗ್ಯಾಸ್ ಪೈಪು ಕೂಡುವ ಕಡೆ ಸೋಪುನೀರು ಹಚ್ಚಿ ನೋಡು. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ, ತಕ್ಷಣ ಸಿಲಿಂಡರ್ ಮುಚ್ಚು. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡಬಾರದು. ಇದು ನಿನಗಲ್ಲ, ನಿನ್ನ ತಂಗಿಗೆ.

ನಲ್ಲಿಗಳೆಲ್ಲ ಮುಚ್ಚಿದ್ದರೂ ನೀರಿನ ಪಂಪು ಆಗಾಗ ಗುರ್ ಎನ್ನುತ್ತಿದೆ. ಎಲ್ಲೋ ಹನಿ ಸೋರುತ್ತಿದೆ. ಸಿಂಕಿನ ಕೆಳಗೆ ಟಾರ್ಚು ಹಿಡಿದು ನೋಡು. ನಿಮಗೆ ಹೇಗೆ ಗೊತ್ತು ಎನ್ನಬೇಡ. ಪರಿಚಯದವನೊಬ್ಬ ಆ ಕಡೆಯಿಂದ ಹಾದುಹೋದನಂತೆ. ಕಿವಿ ಚುರುಕು ಅವನದು.

ಅವನೇ ಹೇಳಿದ, ನೀವು ಸರಿಸಿ ನಿಲ್ಲಿಸಿದ ಮೇಲೆ ಗಾಡಿ ಕೆರೆಯ ಕಡೆಗೆ ವಾಲಿ ನಿಂತಿದೆ ಎಂದು. ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ಗ್ಯಾಸಿನ ಫ್ರಿಜ್ಜು ತಣ್ಣಗಾಗುವುದಿಲ್ಲ, ಹಾಲು ಒಡೆಯುತ್ತದೆ. ಎಷ್ಟು ಸಲ ಬಡಿದುಕೊಂಡಿದ್ದೇನೆ! ಗಾಡಿ ನಿಲ್ಲಿಸಿದ ಕೂಡಲೇ ಅಡುಗೆಕಟ್ಟೆಯ ಮೇಲೆ ನಿಂಬೆಹಣ್ಣು ಇಡಬೇಕು. ಉರುಳಿದ ಕಡೆಯ ಚಕ್ರಕ್ಕೆ ಹಲಗೆ ಕೊಡಬೇಕು. ಆ ಕೆಲಸಕ್ಕೆಂದೇ ಇಟ್ಟಿದ್ದ ನಿಂಬೆಹಣ್ಣು ಈಗ ಅಲ್ಲಿ ಇರಲಾರದು. ಅದರ ವಿಷಯ ಆಮೇಲೆ.

ಈಗ ಪಾಯಿಖಾನೆ ಟ್ಯಾಂಕು. ಮೂಗು ಮುಚ್ಚಿಕೊಂಡಾದರೂ ಓದು. ಟ್ಯಾಂಕಿನಿಂದ ಚರಂಡಿಗೆ ಬಿಡುವ ವಾಲ್ವು ಸದಾ ಮುಚ್ಚಿರಬೇಕು. ತುಂಬಿದ ಮೇಲೆ ಒಮ್ಮೆಲೇ ತೆರೆದರೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಇದು ನಾನು ಬಹಳ ಯೋಚಿಸಿ ಕಂಡುಕೊಂಡ ವಿಷಯ.

ಸರಿ, ನೀನು ಮೊದಲೇ ಹೇಳಿದ್ದೆ. ಕನ್ನಡಕ ಏರಿಸಿ, ಗಾಡಿಯ ಜೊತೆ ಬಂದ ಪುಸ್ತಿಕೆ ಓದಿ, “ರೀ, ವಾಲ್ವು ತೆಗೆದಿಟ್ರೆ ನೀರೆಲ್ಲ ಹರಿದು ಹೋಗಿ ಗಟ್ಟಿಯದು ಒಳಗೇ ಕೂತ್ಕೊಳ್ಳುತ್ತೆ” ಅಂದೆ. ನಾನು “ಪುಸ್ತಕ ಓದ್ಕೊಂಡು ಪಾಯಿಖಾನೆ ನಡೆಸೋಳು ನೀನೊಬ್ಬಳೇ ಕಣೆ” ಅಂದು ತೆರೆದೇ ಇಟ್ಟೆ. ಒಳಗೆ ಗುಡ್ಡ ಬೆಳೆಯಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಗಾಡಿಗಳು ಸಾಲಾಗಿ ನಿಂತ ಮೈದಾನದಲ್ಲಿ ನಿಂತು, ಅಕ್ಕತಂಗಿ ತಿನ್ನುವುದು ಜಾಸ್ತಿಯಾಯಿತು, ಅದಕ್ಕೇ ಕಟ್ಟಿಕೊಂಡಿತು ಎಂದು ಕಿರುಚಿದೆ. ಪಕ್ಕದ ಗಾಡಿಯವನು ಸರಿಯಾಗಿ ಕೇಳಿಸಲಿ ಎಂದು ರೇಡಿಯೋ ಆರಿಸಿದ.

ನೀನು ಕೂಗಲಿಲ್ಲ. ಅದೇ ನನಗೆ ಉರಿದದ್ದು. ನನ್ನ ಚೀಲ ಹುಲ್ಲಿನ ಮೇಲೆ ಇಟ್ಟು, “ಇಳೀರಿ. ನಿಮ್ಮ ಕೂಗು ಹಿಡಿಸೋವಷ್ಟು ಜಾಗ ಈ ಗಾಡೀಲಿಲ್ಲ” ಅಂದೆ. ನಿನ್ನ ತಂಗಿ ಕಿಟಕಿಯಿಂದ, “ಭಾವ, ಚಪ್ಪಲಿ!” ಎಂದು ಎಸೆದಳು. ಒಂದೇ ಎಸೆದಳು. ನಾನೂ ಬಿಗುಮಾನದಲ್ಲಿ ಇನ್ನೊಂದನ್ನು ಕೇಳಲಿಲ್ಲ.

ನಾಳೆ ಸಮುದ್ರದ ಕಡೆ ಹೊರಡುತ್ತೀರಂತೆ. ನಾವಿಬ್ಬರೂ ಹೋಗೋಣ ಎಂದುಕೊಂಡಿದ್ದ ಜಾಗ ಅದು. ಹೋಗು, ಬೇಡ ಎನ್ನುವುದಿಲ್ಲ. ಆದರೆ ಆ ಗುಡ್ಡವನ್ನು ಹಾಗೇ ಹೊತ್ತುಕೊಂಡು ಹೋಗಬೇಡ. ಟ್ಯಾಂಕಿಗೆ ಅರ್ಧ ನೀರು ತುಂಬಿಸಿ ಓಡಿಸು, ರಸ್ತೆಯ ಗುಂಡಿಗಳಲ್ಲಿ ಕುಲುಕಿ ಕುಲುಕಿ ಕರಗುತ್ತದೆ. ಆಮೇಲೆ ಖಾಲಿ ಮಾಡಲು ಇಬ್ಬರು ಬೇಕು. ಒಬ್ಬರು ಒಳಗಿನಿಂದ ನೀರು ಬಿಡಬೇಕು, ಒಬ್ಬರು ಹೊರಗೆ ಪೈಪು ಹಿಡಿಯಬೇಕು. ಪೈಪು ನಿನ್ನ ತಂಗಿ ಹಿಡಿಯುತ್ತಾಳೇನು, ಉಗುರಿಗೆ ಬಣ್ಣ ಬಳಿದುಕೊಂಡವಳು? ಅದು ನನ್ನ ಕೆಲಸ. ಗುಡ್ಡ ಕಟ್ಟಿದವನೇ ಕರಗಿಸಬೇಕು. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಹೊರಡುವ ಮುಂಚೆ ಚಾವಣಿಯ ಕಿಂಡಿ ಮುಚ್ಚು. ಬಾಗಿಲ ಮೆಟ್ಟಿಲು ಮಡಚಲು ಮರೆಯಬೇಡ. ಮಡಚುವ ಮುಂಚೆ, ಹತ್ತುವವರು ಯಾರಾದರೂ ಇದ್ದಾರೇನೋ ಒಮ್ಮೆ ನೋಡು.

ಇಂತಿ,
ಪೈಪು ಹಿಡಿಯುವವನು

ಮರೆತದ್ದು: ಲಕೋಟೆಗೆ ಅಂಚೆಚೀಟಿ ಇಲ್ಲ ಎಂದು ನಿನ್ನ ತಂಗಿ ಆಗಲೇ ಕೊಂಕು ಆಡಿರುತ್ತಾಳೆ. ಅಂಚೆಯವನು ತಂದದ್ದಲ್ಲ, ಬಾಗಿಲ ಸಂದಿಯಲ್ಲಿ ತೂರಿಸಿದ್ದು. ಬೇಲಿಯಾಚೆಯ ಹಳದಿ ಡೇರೆ ನೋಡಿ ದಿನಾ ಬೆಳಿಗ್ಗೆ “ಪಾಪ, ಯಾರೋ ಒಬ್ಬರೇ ಇದಾರೆ ಕಣೇ” ಅನ್ನುತ್ತೀಯಲ್ಲ, ಆ ಪಾಪ ನಾನೇ. ನಿಂಬೆಹಣ್ಣು ಅವತ್ತು ನನ್ನ ಜೇಬಿನಲ್ಲೇ ಬಂದುಬಿಟ್ಟಿತ್ತು. ಸುಕ್ಕುಗಟ್ಟಿದೆ, ಆದರೂ ಉರುಳುತ್ತದೆ. ತಂದಿದ್ದೇನೆ. ಮೆಟ್ಟಿಲ ಹತ್ತಿರ ಒಂದೇ ಚಪ್ಪಲಿಯಲ್ಲಿ ನಿಂತಿದ್ದೇನೆ. ಕೂಗುತ್ತಿಲ್ಲ, ನೋಡು.