ಪೂನಮ್ ಸಂಕೇತನಿಗಿಂತ ಎತ್ತರ

ಉಣಕಲ್, ಹುಬ್ಬಳ್ಳಿ
೮ ಡಿಸೆಂಬರ್ ೨೦೨೪

ಪ್ರೀತಿಯ ಪ್ರತಾಪಣ್ಣನಿಗೆ,

ನಿನ್ನ ತಂಗಿ ಭಾಗ್ಯಾಳ ಜೈ ಭೀಮ್. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ಅತ್ತಿಗೆಯ ಮಂಡಿನೋವು ಹೇಗಿದೆ? ಬೀದರದ ಚಳಿಗೆ ಇನ್ನೂ ಜೋರಾಗಿರಬೇಕು.

ಪತ್ರ ತಡವಾಯಿತು, ಬೈಯಬೇಡ. ದಸರಾ ರಜೆ ಮುಗಿದಾಗಲೇ ನೀನು ಕೇಳಿದ್ದೆ. ಅಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವಾಗ ಉದಾಹರಣೆಗೆ ಬೇಕು, ಡಿಗ್ರೀಸ್ ಆಫ್ ಕಂಪ್ಯಾರಿಸನ್ ಎಂಬ ಹೋಲಿಕೆಯ ಪಾಠವನ್ನು ನಮ್ಮ ರೀತಿಯಲ್ಲೇ ಮಾಡಿ ಮಕ್ಕಳು ಹೇಗೆ ಕಲಿತರು ಬರೆದು ಕಳಿಸು ಅಂದಿದ್ದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮದು ಎರಡು ಕೋಣೆಯ ಮನೆ, ಪೂನಮ್‌ಳ ಕಿವಿ ಎಲ್ಲಿರುತ್ತದೋ ತಿಳಿಯದು. ನೀನೋ ಮಾತು ಮುಗಿಯುವ ಮುಂಚೆ ಬಾಯಿ ಹಾಕುವವನು. ಈಗ ಅವಳು ಅಪ್ಪನ ಜೊತೆ ಕೆರೆಯ ಕಡೆ ಹೋಗಿದ್ದಾಳೆ, ಬರುವುದರೊಳಗೆ ಮುಗಿಸಬೇಕು.

ಪಾಠವನ್ನು ನೀನು ಹೇಳಿಕೊಟ್ಟ ಹಾಗೆಯೇ ಮಾಡಿದೆ. ಪುಸ್ತಕ ಮುಚ್ಚಿಸಿದೆ. ಏಳನೆಯ ತರಗತಿಯ ಮಕ್ಕಳನ್ನು ಇಬ್ಬಿಬ್ಬರಂತೆ ಕರೆದು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ಯಾರು ಟಾಲ್, ಯಾರು ಟಾಲರ್ ಅಂತ ಕೂತವರೇ ಕೂಗಿ ಹೇಳಬೇಕು, ನಾನು ಅವರ ಹೆಸರನ್ನೇ ಬೋರ್ಡಿನ ಮೇಲೆ ಬರೆಯಬೇಕು. ತಮ್ಮ ಹೆಸರು ಬೋರ್ಡಿನ ಮೇಲೆ ಕಂಡರೆ ಮಕ್ಕಳು ಆ ವಾಕ್ಯ ಮರೆಯುವುದಿಲ್ಲ ಎಂದು ನೀನು ಹೇಳುತ್ತಿದ್ದೆಯಲ್ಲ, ಅದು ಖರೇ. ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋಗಿ ಓಡಿಸಿದೆ. ಫಾಸ್ಟ್, ಫಾಸ್ಟರ್ ಎಂದು ಕೂಗಿಕೂಗಿ ಅವರ ಗಂಟಲು ಬಿದ್ದುಹೋಯಿತು. ಇಂಗ್ಲಿಷ್ ತಾಸಿನಲ್ಲಿ ಮಕ್ಕಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ.

ಅದೇ ತರಗತಿಯಲ್ಲಿರುವ ನಮ್ಮ ಪೂನಮ್ ಈ ವರ್ಷ ಹಾಗಲಬಳ್ಳಿಯ ಹಾಗೆ ಬೆಳೆದಿದ್ದಾಳೆ. ಸಂಕೇತ ಎಂಬ ಹುಡುಗನ ಬೆನ್ನಿಗೆ ನಿಂತಾಗ ಗೇಣುದ್ದ ಹೆಚ್ಚು. 'ಪೂನಮ್ ಈಸ್ ಟಾಲರ್ ದ್ಯಾನ್ ಸಂಕೇತ' ಎಂದು ಬರೆದೆ. ಓಟದಲ್ಲೂ ಅವಳೇ ಮುಂದೆ ಬಂದಳು. ಅದರ ಕೆಳಗೆ 'ಪೂನಮ್ ರನ್ಸ್ ಫಾಸ್ಟರ್ ದ್ಯಾನ್ ಸಂಕೇತ' ಎಂದೂ ಬರೆದೆ. ಇಷ್ಟೇ ಅಣ್ಣ, ನಾನು ಮಾಡಿದ್ದು.

ಆ ಸಂಜೆ ಶಾಲಾ ಸಮಿತಿಯ ಸಭೆ ನಮ್ಮ ಕೋಣೆಯಲ್ಲೇ ಇತ್ತು. ಬೋರ್ಡು ಒರೆಸಿರಲಿಲ್ಲ. ಸಮಿತಿಯ ಅಧ್ಯಕ್ಷ ಉದಯಕುಮಾರ, ಸಂಕೇತನ ಅಪ್ಪ. ಶಾಲೆಯಿರುವ ಹಳ್ಳಿಯ ಗೌಡಕಿಯ ಮನೆತನ. ನಾವು ಯಾವ ಮಂದಿ ಎಂಬುದು ನಾನು ಹಾಜರಾದ ವಾರದಲ್ಲೇ ಅವರಿಗೆಲ್ಲ ಗೊತ್ತಾಗಿತ್ತು. ಆದರೆ ಒಂದು ಕೆಟ್ಟ ಮಾತು ಕೇಳಿರಲಿಲ್ಲ, ಅದಕ್ಕೇ ಮಗಳನ್ನೂ ಧೈರ್ಯವಾಗಿ ನನ್ನ ಶಾಲೆಗೇ ಸೇರಿಸಿದ್ದೆ.

ಉದಯಕುಮಾರ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಬೋರ್ಡನ್ನು ಎರಡು ಸಲ ಓದಿ ನಗುತ್ತಲೇ ಹೇಳಿದರು: "ಟೀಚರ್, ಪಾಠ ಭಾಳ ಛಲೋ ಮಾಡ್ತೀರಿ. ಖರೇ, ಯಾರನ್ನ ಯಾರಿಗೆ ಹೋಲಸಬೇಕು ಅನ್ನೂದು ನೋಡಬೇಕಲ್ರಿ? ಆನಿ ಐತಿ, ಇರಬಿ ಐತಿ. ಗುಡ್ಡ ಐತಿ, ಗಿಡ ಐತಿ. ನಮ್ಮ ಹುಡುಗನ್ನ ನಿಮ್ಮ ಹುಡುಗಿ ಕೆಳಗ ಯಾಕ ಬರದ್ರಿ?"

"ಆಕಿ ಎತ್ತರ ಅದಾಳ್ರಿ ಸರ್, ಅದಕ್ಕ ಬರದೇನಿ," ಅಂದೆ.

"ಎತ್ತರ ಇರ್ಲಿ ಬಿಡ್ರಿ, ಯಾರು ಬ್ಯಾಡ ಅಂದಾರ? ಬರದು ತೋರಿಸೂದು ಯಾಕ?"

ಹೆಡ್‌ಮಾಸ್ತರು ಡಸ್ಟರ್ ತಂದು ನನ್ನ ಕೈಗೇ ಕೊಟ್ಟರು. "ಮೇಡಂ, ಒರಸಿಬಿಡ್ರಿ. ಪುಸ್ತಕದಾಗ ಕೊಟ್ಟ ಹೆಸರ ಅದಾವಲ್ಲ, ಅವನ್ನ ಬರೀರಿ ಸಾಕು." ಒರೆಸಿದೆ. ಬಸ್ಸಿಗೆ ಹೊತ್ತಾಯಿತೆಂದು ಪೂನಮ್ ಬ್ಯಾಗು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಸಂಕೇತ ಪಾಪದ ಹುಡುಗ. ಮರುದಿನ ನನ್ನ ಹತ್ತಿರ ಬಂದು, "ಟೀಚರ್, ಪೂನಮ್ ಖರೇನ ಎತ್ತರ ಅದಾಳ್ರಿ, ನಮ್ಮಪ್ಪಗ ಹೇಳಿದ್ನಿ, ಹೊಡದ್ರು," ಅಂದ. ಆಮೇಲೆ ಅವನು ಅವಳ ಹತ್ತಿರ ಕೂರುವುದನ್ನು ಬಿಟ್ಟ. ಅವನನ್ನು ನೋಡಿ ಉಳಿದವರೂ ಬಿಟ್ಟರು. ಮುಸ್ಕಾನ್ ಎಂಬ ಹುಡುಗಿ ಮಾತ್ರ ಬುತ್ತಿ ಬಿಚ್ಚಲು ಇವಳ ಜೊತೆ ಬರುತ್ತಾಳೆ.

ಹೋದ ವಾರ ಕಿರುಪರೀಕ್ಷೆ ಇಟ್ಟೆ. ಗೆಳೆಯರ ಬಗ್ಗೆ ನಿಮ್ಮದೇ ಹೋಲಿಕೆಯ ವಾಕ್ಯ ಬರೆಯಿರಿ ಎಂದು ಒಂದು ಪ್ರಶ್ನೆ. ನನ್ನ ಹಟ ಅಷ್ಟಕ್ಕೂ ಇಳಿದಿರಲಿಲ್ಲ ನೋಡು. ಪೂನಮ್ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: ಸಂಕೇತ ನನಗಿಂತ ಎತ್ತರ. ಸಂಕೇತ ನನಗಿಂತ ಜೋರಾಗಿ ಓಡುತ್ತಾನೆ. ಮುಸ್ಕಾನ್ ನನಗಿಂತ ಚೆನ್ನಾಗಿ ಓದುತ್ತಾಳೆ. ತರಗತಿಯಲ್ಲೆಲ್ಲ ನಾನೇ ಗಿಡ್ಡ.

ಒಂದು ಅಕ್ಷರ ತಪ್ಪಿಲ್ಲ. ಮನೆಗೆ ಬಂದು ಕೇಳಿದೆ, "ಹಿಂಗ ಯಾಕ ಬರದಿ ಪೂನಮ್?" ಅವಳು, "ತಪ್ಪ ಅದಾವೇನವ್ವಾ?" ಅಂದಳು. ಇಲ್ಲ ಅಂದೆ. "ಮತ್ತ ಮಾರ್ಕ್ಸ್ ಕೊಡು," ಅಂದಳು. ಪೂರ್ತಿ ಅಂಕ ಕೊಟ್ಟೆ ಅಣ್ಣ. ಅಷ್ಟು ಅಂಕ ಕೊಟ್ಟು ಅತ್ತದ್ದು ಇದೇ ಮೊದಲು.

ನಮ್ಮ ಮನೆಯವರು, ಪ್ರಬುದ್ಧ, ದೂರು ಕೊಡೋಣ ಅನ್ನುತ್ತಾರೆ. ಏನೆಂದು ಕೊಡಲಿ? ಆನೆ, ಇರುವೆ ಅಂದರು ಎಂದೇ? ಬೈದಿಲ್ಲ, ಹೊಡೆದಿಲ್ಲ, ಜಾತಿಯ ಹೆಸರು ಎತ್ತಿಲ್ಲ. ಹೆಡ್‌ಮಾಸ್ತರು ಸಾಕ್ಷಿ ಹೇಳುವುದಿಲ್ಲ. ವರ್ಗಾವಣೆ ಕೇಳಬಹುದು, ಸಿಕ್ಕರೂ ಹೋಗುವುದು ಇನ್ನೊಂದು ಊರಿಗೇ ತಾನೆ, ಅಲ್ಲೂ ಒಂದು ಸಮಿತಿ, ಅದಕ್ಕೂ ಒಬ್ಬ ಅಧ್ಯಕ್ಷ. ಮಗಳನ್ನು ಹುಬ್ಬಳ್ಳಿಯ ಶಾಲೆಗೆ ಹಾಕು ಎಂದು ನೀನು ಹೇಳುತ್ತೀ. ಹಾಕುತ್ತೇನೆ. ಆದರೆ ಅವಳು ಕಲಿತದ್ದು ಅವಳ ಜೊತೆಯೇ ಬರುತ್ತದೆ, ಅದನ್ನು ಯಾವ ಶಾಲೆ ಬಿಡಿಸುತ್ತದೆ ಹೇಳು.

ನಿನ್ನ ತರಬೇತಿಯಲ್ಲಿ ಈ ಪಾಠವನ್ನು ಹೇಳಬೇಡ. ಹೇಳಿದರೂ, ಮಕ್ಕಳ ಹೆಸರು ಬರೆಯಿರಿ ಎಂದು ಮಾತ್ರ ಹೇಳಬೇಡ. ಇದನ್ನು ನಿನಗೆ ಹೇಳುವ ದಿನ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಅವ್ವನಿಗೆ ಇದನ್ನೆಲ್ಲ ಓದಿ ಹೇಳಬೇಡ, ಪಾಠ ಚೆನ್ನಾಗಿ ನಡೆಯಿತು ಅನ್ನು. ಅವ್ವ, ಅತ್ತಿಗೆಗೆ ಜೈ ಭೀಮ್, ಮಕ್ಕಳಿಗೆ ಈ ಅತ್ತೆಯ ಆಶೀರ್ವಾದ. ನಿನ್ನ ಆಶೀರ್ವಾದವನ್ನು ನನಗಲ್ಲ, ಪೂನಮ್‌ಗೆ ಕಳಿಸು.

ನಿನ್ನ ತಂಗಿ,
ಭಾಗ್ಯಾ

ತಾ.ಕ.: ಇದನ್ನು ಬರೆಯಬಾರದೆಂದೇ ಪತ್ರ ಮುಗಿಸಿದ್ದೆ. ನಿನ್ನೆ ಪೂನಮ್‌ಗೆ ಶಾಲೆಯ ವಾರ್ಷಿಕ ಗ್ಯಾದರಿಂಗಿನ ಡ್ರೆಸ್ ಹೊಲಿಸಲು ನಮ್ಮ ಓಣಿಯ ಜರೀನಾ ಹತ್ತಿರ ಹೋಗಿದ್ದೆವು. ಅಳತೆ ನೋಡಿ ಅವಳು ನಕ್ಕಳು: "ಹುಡುಗಿ ಉದ್ದ ಆಗ್ಯಾಳ ಅಂದ್ರಿ ಟೀಚರ್, ಹೋದ ವರ್ಷದ ಅಳತಿನ ಸಾಕಾಗತೈತಲ್ರಿ! ನೆಟ್ಟಗ ನಿಂದ್ರವಾ." ಬೆನ್ನಿಗೆ ಕೈ ಕೊಟ್ಟು ನಿಲ್ಲಿಸಿದಳು. ಕೈ ತೆಗೆದ ಕೂಡಲೇ ಪೂನಮ್ ಮತ್ತೆ ಭುಜ ಇಳಿಸಿ, ಕತ್ತು ಒಳಗೆ ಎಳೆದುಕೊಂಡು ಬಾಗಿದಳು. ನಾನು ಹತ್ತಿರ ಹೋಗಿ, "ಇದು ಸಾಲಿ ಅಲ್ಲ ಮಗಳ, ಇಲ್ಲಿ ಯಾರೂ ಇಲ್ಲ, ನೆಟ್ಟಗ ನಿಲ್ಲು," ಅಂದೆ. "ನಿಂತ್ರ ಬೆನ್ನ ನೋಯ್ತೈತವ್ವಾ," ಅಂದಳು. ಜರೀನಾ ಟೇಪು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. ಹೆಂಗ ನಿಂತಾಳ ಹಂಗ ಅಳತಿ ತಗೋರಿ ಅಂದೆ.