ಏಳನೆಯ ಪ್ರತಿಯನ್ನೇ ಕಳಿಸಿ

ಬಾಗಲಕೋಟೆ
ಫೆಬ್ರವರಿ ಮೂವತ್ತು, 2191

ಡಾಕ್ಟರ್ ಸ್ಫೂರ್ತಿಯವರಿಗೆ ಅವರ ಮರಿಮೊಮ್ಮಗಳ ಮಗಳು ಕಸ್ತೂರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಯಲ್ಲಿ ರಜೆ ಮಾಡಿಬಿಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮದೇ ಹಳೆಯ ಕಾಗದಗಳಿಂದ ಕಲಿತು ಬರೆಯುತ್ತಿದ್ದೇನೆ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ಬಗೆಹರಿದಿಲ್ಲ. ಈ ಪತ್ರ ಕೈಸೇರುವಾಗ ನಿಮಗೆ ಇಪ್ಪತ್ತಾರು, ನನಗೆ ಎಪ್ಪತ್ತೊಂದು. ಅಜ್ಜಿ ಎನ್ನಲು ನಾಲಿಗೆ ಹೊರಳುವುದಿಲ್ಲ, ಮಗಳೇ ಎನ್ನಲು ಧೈರ್ಯ ಸಾಲದು. ಡಾಕ್ಟರೇ ಎನ್ನುತ್ತೇನೆ, ಇಬ್ಬರಿಗೂ ಮುಜುಗರವಿಲ್ಲ.

ಇದು ಹಿಂದಂಚೆಯಲ್ಲಿ ಬಂದ ಪತ್ರ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಆಯುಷ್ಯದಲ್ಲಿ ಒಬ್ಬರಿಗೆ ಒಂದೇ ಪತ್ರ, ಅದೂ ರಕ್ತಸಂಬಂಧಿಗೆ ಮಾತ್ರ. ಜನ ಸಾಮಾನ್ಯವಾಗಿ ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯಲು ಕಾರಣ ನಿಮ್ಮ ಅರ್ಜಿ. ನೀವು ವಿದೇಶದ ಆಸ್ಪತ್ರೆಯ ರೆಸಿಡೆನ್ಸಿಗೆಂದು ಬರೆದ ಆತ್ಮನಿವೇದನೆಯ ಹತ್ತು ಪ್ರತಿಗಳೂ, ಪೆನ್ನಿನಲ್ಲಿ ತಿದ್ದಿದ ಗುರುತುಗಳ ಸಮೇತ, ನಮ್ಮ ಮನೆಯ ತಗಡಿನ ಡಬ್ಬಿಯಲ್ಲಿವೆ. ಈಗ ನಿಮ್ಮ ಮೇಜಿನ ಮೇಲಿರುವುದು ಏಳನೆಯದು. ಎಂಟನೆಯದನ್ನು ನೀವಿನ್ನೂ ಬರೆದಿಲ್ಲ. ಅದರ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ನನ್ನದನ್ನು ಹೇಳಿ ಮುಗಿಸಬೇಕು.

ನಮ್ಮ ಕಾಲದಲ್ಲಿ ರೋಗ ಕಂಡುಹಿಡಿಯುವುದು ಡಾಕ್ಟರ ಕೆಲಸವಲ್ಲ. ಅದನ್ನು ಕಂಡುಕ ಮಾಡುತ್ತದೆ. ಹಾಸಿಗೆಯ ತಲೆಗಡೆ ನಿಲ್ಲುವ, ಕಪಾಟಿನಷ್ಟು ದೊಡ್ಡ ಯಂತ್ರ ಅದು. ಔಷಧಿಯನ್ನೂ ಅದೇ ಬರೆಯುತ್ತದೆ, ಹೊಲಿಗೆಯನ್ನೂ ಅದೇ ಹಾಕುತ್ತದೆ. ಡಾಕ್ಟರಿಗೆ ಉಳಿದಿರುವುದು ರೋಗಿಯ ಬಳಿ ಕೂರುವುದು, ಮನೆಯವರಿಗೆ ನಿಜ ಹೇಳುವುದು, ಇನ್ನು ಸಾಕು ಎಂದು ಯಾವಾಗ ಹೇಳಬೇಕೋ ಆಗ ಹೇಳುವುದು. ಸುಲಭವೆಂದುಕೊಳ್ಳಬೇಡಿ. ಅದನ್ನು ಕಲಿಯಲು ಆರು ವರ್ಷ ಬೇಕು. ನಿಮ್ಮ ರೆಸಿಡೆನ್ಸಿಯ ಜಾಗದಲ್ಲಿರುವ ಆ ಆರು ವರ್ಷಗಳನ್ನು ನಾವು ಜೊತೆವಾಸ ಎನ್ನುತ್ತೇವೆ. ಜೊತೆವಾಸದ ಅರ್ಜಿಗೆ ಅಂಕಪಟ್ಟಿ ಬೇಡ, ಪ್ರೊಫೆಸರರ ಶಿಫಾರಸೂ ಬೇಡ. ಬೇಕಾದದ್ದು ಒಂದು ದನಿಪುಟ. ವೀಳ್ಯದೆಲೆಯಷ್ಟು ತೆಳ್ಳಗಿನ ಹಾಳೆ. ನಾವು ಜೊತೆಗೆ ಕೂತ ರೋಗಿ ಅದಕ್ಕೆ ಹೆಬ್ಬೆಟ್ಟೊತ್ತಿ ನಮ್ಮ ಬಗ್ಗೆ ತೋಚಿದ್ದನ್ನು ಹೇಳುತ್ತಾನೆ. ಒಬ್ಬ ರೋಗಿ ದಿನಕ್ಕೆ ಒಂದೇ ಪುಟ ಕೊಡಬಹುದು. ಆಗ ನಾವು ಹೊರಗೆ ಹೋಗಬೇಕು. ರೋಗಿ ಅಳುಕಿಲ್ಲದೆ ಮಾತಾಡಲೆಂದು ಆಯ್ಕೆಯವರೂ ಅದನ್ನು ಕೇಳುವುದಿಲ್ಲ, ಹೆಬ್ಬೆಟ್ಟು ನೋಡಿ ಒಪ್ಪುತ್ತಾರೆ. ದನಿಯ ಮೊಹರು ಒಡೆಯುವುದು ಡಾಕ್ಟರು ನಿವೃತ್ತರಾಗುವ ದಿನ, ಅವರೊಬ್ಬರ ಎದುರಿಗೆ. ಜನ್ಮದಲ್ಲಿ ಒಂದೇ ಸಲ, ಓದು ಮುಗಿಯುವ ವರ್ಷ ಮಾತ್ರ, ಅರ್ಜಿ ಹಾಕಬಹುದು.

ನನ್ನ ಬಳಿ ದನಿಪುಟವಿರಲಿಲ್ಲ. ಓದಿನಲ್ಲಿ ಮುಂದಿದ್ದೆ, ಕೂರುವುದರಲ್ಲಿ ಸೋತಿದ್ದೆ. ಹತ್ತು ನಿಮಿಷ ಕೂತರೆ ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದೆ. ನನ್ನ ಜೊತೆ ಓದುತ್ತಿದ್ದ ನೀಲಗಂಗಾ ಹಾಗಲ್ಲ. ಗುಳೇದಗುಡ್ಡದಿಂದ ಬಂದಿದ್ದ ಮಾಗುಂಡಪ್ಪ ಎಂಬ ಮುದುಕರ ಬಳಿ ಅವಳು ಹನ್ನೊಂದು ದಿನ ಕೂತಳು. ಅವರು ಕುಪ್ಪಸದ ಖಣ ನೇಯುವವರು. ಕಣ್ಣು ಪೂರ್ತಿ ಹೋಗಿತ್ತು. ನೂಲು ಯಾವುದೆಂದು ಬೆರಳಲ್ಲೇ ಹೇಳುತ್ತಿದ್ದರು. ಅವಳ ಕೈ ಹಿಡಿದುಕೊಂಡು ಮಗ್ಗದ ಕಥೆಗಳನ್ನು ಹೇಳುತ್ತಿದ್ದರು, ಅವಳು ಹೂಂಗುಡುತ್ತಿದ್ದಳು. ಸಾಯುವವರ ಹತ್ತಿರ ಹೋಗಿ ನನಗೊಂದು ಪುಟ ಕೊಡಿ ಎಂದು ಹೇಗೆ ಕೇಳಲಿ, ನಾಳೆ ನೋಡೋಣ ಎಂದು ಅವಳು ನನಗೆ ದಿನಾ ಹೇಳುತ್ತಿದ್ದಳು. ಅರ್ಜಿಗೆ ಉಳಿದದ್ದು ಎರಡೇ ದಿನ.

ನಮ್ಮಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲುರಜೆ. ಊರಿಗೆ ಊರೇ ಕದ ಮುಚ್ಚಿಕೊಳ್ಳುತ್ತದೆ. ಹನ್ನೊಂದನೆಯ ದಿನ ನೀಲಗಂಗಾ ಸ್ನಾನಕ್ಕೆಂದು ಮನೆಗೆ ಹೋದಾಗ ನಾನು ಅವಳ ಕುರ್ಚಿಯಲ್ಲಿ ಹೋಗಿ ಕೂತೆ. ಮುದುಕರು ಯಾರವ್ವಾ ಎಂದು ಕೇಳಿದರು.

"ನಾನs ರೀ" ಎಂದೆ.

ನಾನು ಆಡಿದ ಸುಳ್ಳು ಅಷ್ಟೇ. ಹೆಸರು ಹೇಳಲಿಲ್ಲ. ಕೈ ಮುಂದೆ ಮಾಡಿದೆ, ಅವರು ಹಿಡಿದುಕೊಂಡು ಬೆರಳುಗಳನ್ನು ಒಮ್ಮೆ ಸವರಿದರು. ದನಿಪುಟ ಬೇಕಿತ್ತೆಂದು ಕೇಳಿದೆ, ಆಗಲಿ ಎಂದರು. ನಾನು ಬಾಗಿಲಾಚೆ ನಿಂತೆ. ಎರಡು ನಿಮಿಷವೂ ಆಗಿರಲಿಲ್ಲ, ಮುಗಿಯಿತೆಂದು ಕಂಡುಕದ ದೀಪ ಹಸಿರಾಯಿತು.

ಮರುದಿನ ಬೆಳಿಗ್ಗೆ ಅವರ ಹಾಸಿಗೆ ಖಾಲಿಯಿತ್ತು. ನೀಲಗಂಗಾ ಅದರ ಅಂಚಿನಲ್ಲಿ ಕೂತು ಅತ್ತಳು. ಪುಟಕ್ಕಾಗಿ ಅಲ್ಲ, ಮುದುಕರಿಗಾಗಿ. ನನ್ನ ಅರ್ಜಿ ಹೋಯಿತು, ಅವಳದ್ದು ಹೋಗಲಿಲ್ಲ. ನನಗೆ ಜೊತೆವಾಸ ಸಿಕ್ಕಿದ ದಿನ ಅಮೀನಗಡದ ಕರದಂಟು ತಂದು ನನ್ನ ಬಾಯಿಗಿಟ್ಟವಳು ಅವಳೇ. ನುಂಗಿದೆ. ಆಮೇಲೆ ಮೂವತ್ತೆಂಟು ವರ್ಷ ಅವಳು ನಾನಿದ್ದ ಆಸ್ಪತ್ರೆಯಲ್ಲೇ ಕಂಡುಕಗಳನ್ನು ಒರೆಸುವ, ಎಣ್ಣೆ ಹಾಕುವ ಕೆಲಸ ಮಾಡಿದಳು. ನನ್ನನ್ನು ಮೇಡಂ ಎನ್ನುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಹೇಳಬೇಕೆಂದು ಎಷ್ಟೋ ಸಲ ಅವಳ ಕೋಣೆಯವರೆಗೆ ಹೋಗಿ ಬಂದಿದ್ದೇನೆ, ಹೇಳಲಿಲ್ಲ. ನಾಚಿಕೆಯಾಗುತ್ತದೆ, ಡಾಕ್ಟರೇ. ಇದನ್ನು ಬರೆಯುವಾಗಲೂ ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದೇನೆ.

ಹೋದ ವಾರ ನಾನು ನಿವೃತ್ತಳಾದೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಮೊಹರು ಒಡೆದು, ಹೊರಗೆ ಹೋದರು. ಹೊಗಳಿಕೆ ಇರುತ್ತದೆ, ಅದೂ ನೀಲಗಂಗಾಳದು, ಹಲ್ಲು ಕಚ್ಚಿಕೊಂಡು ಕೇಳಿದರಾಯಿತು ಎಂದುಕೊಂಡಿದ್ದೆ. ಮಾಗುಂಡಪ್ಪನವರ ದನಿ ಬಂತು:

"ಈಕಿ ಆಕಿ ಅಲ್ಲ, ನನಗ ಗೊತ್ತೈತಿ. ಹನ್ನೊಂದು ದಿನ ಹಿಡಿದ ಕೈ ಮರೀತೀನೇನು? ಇದು ಹೆದರಿದ ಕೈ. ಇಷ್ಟು ಹೆದರಿಕೊಂಡು ಬಂದು ಕೇಳ್ಯಾಳಂದ್ರ ಭಾಳ ಬೇಕಾಗಿರಬೇಕು. ಇರಲಿ, ಈಕಿಗೂ ಒಂದು ಇರಲಿ. ನೀಲವ್ವಗ ನಾಳೆ ಕೊಡ್ತೀನಿ. ಆಕಿ ಬಾಯಿಬಿಟ್ಟು ಕೇಳಾಕಿ ಅಲ್ಲ, ನಾನs ಕರೆದು ಕೊಡಬೇಕು."

ಅಷ್ಟೇ ಇತ್ತು. ಎರಡನೆಯ ಸಲ ಕೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಈಗ ನಿಮ್ಮ ಅರ್ಜಿಯ ಮಾತು. ಏಳನೆಯ ಪ್ರತಿಯ ಮೂರನೆಯ ಪ್ಯಾರಾದಲ್ಲಿ ನೀವು ಬರೆದಿದ್ದೀರಿ: ಹೆರಿಗೆಯಾದ ಹೆಂಗಸಿಗೆ ಒಳಗೊಳಗೇ ರಕ್ತಸ್ರಾವವಾಗುತ್ತಿರುವುದನ್ನು ಮೊದಲು ಗಮನಿಸಿದವರು ಸಿಸ್ಟರ್ ಎಸ್ತೇರಮ್ಮ, ನಾನು ಅವರು ಹೇಳಿದಂತೆ ಓಡಿದೆ. ಎಂಟನೆಯ ಪ್ರತಿಯಲ್ಲಿ ಸಿಸ್ಟರ ಹೆಸರಿನ ಮೇಲೆ ಗೀಟು ಬೀಳುತ್ತದೆ. ಅಲ್ಲಿ "ನಾನು ಗಮನಿಸಿದೆ" ಎಂದಾಗುತ್ತದೆ. ಅದು ಸೀಟು ಕೊಡಿಸುತ್ತದೆ. ಆ ಆಸ್ಪತ್ರೆಯಲ್ಲೇ ನೀವು ಮದುವೆಯಾಗುವವರನ್ನು ಕಾಣುತ್ತೀರಿ, ಅಲ್ಲಿಂದ ನಮ್ಮ ಮನೆತನ ನನ್ನವರೆಗೆ ಬರುತ್ತದೆ.

ಆ ಗೀಟು ಎಳೆಯಬೇಡಿ. ಏಳನೆಯ ಪ್ರತಿಯನ್ನೇ ಕಳಿಸಿ. ಏನೂ ಬದಲಾಗುವುದಿಲ್ಲವೆಂದು ಹಿಂದಂಚೆಯವರು ನನ್ನಿಂದ ಸಹಿ ಹಾಕಿಸಿಕೊಂಡಿದ್ದಾರೆ, ಆದರೂ ಕೇಳುತ್ತಿದ್ದೇನೆ. ಸಿಸ್ಟರ ಹೆಸರಿಟ್ಟರೂ ಸೀಟು ಸಿಕ್ಕೀತು. ಸಿಗದಿದ್ದರೆ ನಿಮ್ಮ ಬದುಕು ಬೇರೆ ಕಡೆ ಹೊರಳುತ್ತದೆ, ನಾನು ಹುಟ್ಟುವುದಿಲ್ಲ. ಅದಕ್ಕಾಗಿ ನೀವು ಮರುಗಬೇಡಿ. ಆಗ ಆ ಹನ್ನೊಂದನೆಯ ದಿನದ ಮಧ್ಯಾಹ್ನ ಆ ಕುರ್ಚಿ ಖಾಲಿಯಿರುತ್ತದೆ. ನಾಲ್ಕು ಗಂಟೆಗೆ ನೀಲಗಂಗಾ ಸ್ನಾನ ಮಾಡಿ ಬರುತ್ತಾಳೆ, ಮಾಗುಂಡಪ್ಪನವರು ಅವಳನ್ನು ಕರೆದು ಪುಟ ಕೊಡುತ್ತಾರೆ.

ಇಂತಿ,
ಕಸ್ತೂರಿ